ಇಡ್ಲಿ ಯಾವುದು, ಮಲ್ಲಿಗೆ ಯಾವುದು

೨೧ ಜನವರಿ ೨೦೧೮, ಭಾನುವಾರ. ವಿಟ್ಬಿ

ಮಗಳ ಬಾಣಂತನ ಮಾಡಲೆಂದು ಗದಗಿನಿಂದ ಕೆನಡಾದ ತನಕ ಬಂದ ನನ್ನ ಕೈಗೆ ಇವತ್ತು ಎರಡು ಮುಂಗುಲಿಗಳನ್ನು ಕೊಟ್ಟರು. ಮುಂಗುಲಿ ಅಲ್ಲ, ಫೆರೆಟ್ಟು ಎಂದು ಅಳಿಯ ತಿದ್ದಿದ. ಉದ್ದ ಮೈ, ಗಿಡ್ಡ ಕಾಲು, ಚೂಪು ಮೂತಿ. ಮೈ ಪೂರ್ತಿ ಬಿಳಿ, ಕಣ್ಣು ಕೆಂಪು. ಬಣ್ಣ ಬೇರೆಯಾದರೆ ಮುಂಗುಲಿ ಮುಂಗುಲಿ ಅಲ್ಲದೆ ಹೋಗುತ್ತದೆಯೇ?

ಸಿಟ್ಟು ಇಳಿಯಲಿ ಎಂದೇ ಬರೆಯಲು ಕೂತಿದ್ದೇನೆ. ಬಸ್ ಸ್ಟ್ಯಾಂಡಿನ ವಿಚಾರಣೆ ಕೌಂಟರಿನಲ್ಲಿದ್ದಾಗ ಸಿಟ್ಟು ಬಂದರೆ ಮೈಕಿನಲ್ಲೇ ತೀರಿಸಿಕೊಳ್ಳುತ್ತಿದ್ದೆ. ದ್ರಾಕ್ಷಾಯಿಣಿ ಮೇಡಂ ಮೈಕು ಹಿಡಿದರೆ ಹುಬ್ಬಳ್ಳಿ ಬಸ್ಸು ತಾನಾಗಿ ಸ್ಟಾರ್ಟ್ ಆಗುತ್ತದೆ ಎಂದು ಡ್ರೈವರುಗಳು ಆಡಿಕೊಳ್ಳುತ್ತಿದ್ದರು. ಈ ಮನೆಯಲ್ಲಿ ಕೂಸು ಮಲಗಿದೆ ಎಂದು ಎಲ್ಲರೂ ಪಿಸುಮಾತಿನಲ್ಲೇ ಬದುಕುತ್ತಾರೆ. ಅದಕ್ಕೇ ಈ ಬರವಣಿಗೆ. ಇಲ್ಲಿ ಅಳಿಯನಿಗೆ ಬಹುವಚನವನ್ನೂ ಹಚ್ಚುವುದಿಲ್ಲ. ಎದುರಿಗೆ ಹಚ್ಚುವುದೇ ಸಾಕಾಗಿದೆ.

ಬಂದ ದಿನದಿಂದ ಒಂದೇ ಮಾತು, ಬೇಡ. ಬಾಣಂತಿಗೆ ಲೋಬಾನದ ಹೊಗೆ ಹಾಕಬೇಡ, ಚಾವಣಿಯ ಮೇಲಿನ ಯಂತ್ರ ಕೂಗಿಕೊಳ್ಳುತ್ತದೆ. ಕೂಸಿಗೆ ಎಣ್ಣೆ ನೀರು ಬೇಡ. ಜೇನು ನೆಕ್ಕಿಸಬೇಡ, ವರ್ಷ ತುಂಬುವ ತನಕ ಅದು ವಿಷ. ಹರಳೆಣ್ಣೆ ದೀಪ ಹಚ್ಚಿ, ತಾಮ್ರದ ತಟ್ಟೆಯಲ್ಲಿ ಹಿಡಿದು, ಡಬ್ಬಿ ತುಂಬಿಕೊಂಡು ಬಂದ ಕಾಡಿಗೆಯಿಂದ ಕೂಸಿನ ಕೆನ್ನೆಗೆ ಒಂದು ದೃಷ್ಟಿಬೊಟ್ಟು ಇಡಲು ಹೋದರೆ ಮೇಧಾ ನನ್ನ ಕೈಯನ್ನೇ ಹಿಡಿದುಬಿಟ್ಟಳು. ಹೆತ್ತ ಮಗಳು. ಅವಳ ಕೆನ್ನೆಗೆ ಇದೇ ಕೈ ಎಷ್ಟು ಬೊಟ್ಟು ಇಟ್ಟಿತ್ತೋ.

ಇವತ್ತು ಊಟದ ಹೊತ್ತಿಗೆ ಅಳಿಯ ಸುಧನ್ವ ನಗುನಗುತ್ತಾ ಹೇಳಿದ: "ಅತ್ತೆ, ಬೇಬಿನ ನಾವು ಮ್ಯಾನೇಜ್ ಮಾಡ್ತೀವಿ. ನೀವು ಫೆರೆಟ್ಸ್ ನೋಡ್ಕೊಂಡ್ರೆ ಅದೇ ದೊಡ್ಡ ಹೆಲ್ಪು."

ಮೈಯೆಲ್ಲ ಉರಿಯಿತು. ಆದರೂ ಹೂಂ ಎಂದೆ. ಪಂಜರ ಇರುವುದು ಬೇಸ್‌ಮೆಂಟಿನಲ್ಲಿ, ನನ್ನ ಮಂಚದ ಪಕ್ಕದಲ್ಲೇ. ಅದರೊಳಗೆ ತೊಟ್ಟಿಲಿನ ಹಾಗೆ ಒಂದು ಬಟ್ಟೆ ತೂಗು ಹಾಕಿದ್ದಾರೆ, ಎರಡೂ ಅದರಲ್ಲಿ ಒಂದರ ಮೇಲೊಂದು ಬಿದ್ದು ಮಲಗುತ್ತವೆ. ಕೂಸಿಗೆ ತೊಟ್ಟಿಲು ಬೇಡವಂತೆ, ಇವಕ್ಕೆ ಬೇಕಂತೆ. ಹೆಸರು ಇಡ್ಲಿ ಮತ್ತು ಮಲ್ಲಿಗೆ. ಜೀವ ಇರುವ ಪ್ರಾಣಿಗೆ ಇಡ್ಲಿ ಎಂದು ಯಾರಾದರೂ ಹೆಸರಿಡುತ್ತಾರೆಯೇ? ನಾನಂತೂ ಕರೆಯುವುದಿಲ್ಲ.

ಮೇಧಾ ಪಕ್ಕದ ಊರು ಒಶಾವಾದಲ್ಲಿ ಓದುವಾಗ, ಮದುವೆಗೆ ಮುಂಚೆ ತಂದ ಅಕ್ಕತಂಗಿಯರು ಇವು. ಅದರಲ್ಲಿ ಇಡ್ಲಿ ಎಂಬುದಕ್ಕೆ ರಕ್ತದಲ್ಲಿ ಸಕ್ಕರೆ ಇಳಿದುಹೋಗುವ ಕಾಯಿಲೆ. ಬೆಳಿಗ್ಗೆ ಸಂಜೆ ಸಿರಿಂಜಿನಲ್ಲಿ ಔಷಧ ಹಾಕಬೇಕು, ಹೊಟ್ಟೆ ಖಾಲಿ ಬಿಡಬಾರದು. ಮಲ್ಲಿಗೆಗೆ ಏನೂ ಇಲ್ಲ, ಅದಕ್ಕೆ ಆ ಔಷಧ ಕೊಡಲೇಬಾರದು. ಮೊದಲು ಎರಡಕ್ಕೂ ಬೇರೆ ಬೇರೆ ಬಣ್ಣದ ಪಟ್ಟಿ ಇತ್ತಂತೆ ಕೊರಳಿಗೆ. ಒಂದರ ಪಟ್ಟಿ ಸೋಫಾದ ಸ್ಪ್ರಿಂಗಿಗೆ ಸಿಕ್ಕಿ ಉಸಿರು ಕಟ್ಟಿತ್ತಂತೆ, ಅಂದಿನಿಂದ ತೆಗೆದುಹಾಕಿದ್ದಾರೆ. ಹಾಗಾದರೆ ಗುರುತು ಹಿಡಿಯುವುದು ಹೇಗೆ ಎಂದೆ. ನೋಡಿದರೆ ಗೊತ್ತಾಗುತ್ತದೆ ಎಂದಳು ಮೇಧಾ. ಈಜಿ ಅತ್ತೆ ಎಂದ ಸುಧನ್ವ, ಒಂದನ್ನು ಎತ್ತಿ ಇದೇ ಇಡ್ಲಿ ಎಂದ. ಅಲ್ಲ, ಅದು ಮಲ್ಲಿಗೆ ಎಂದಳು ಅವಳು. ಇದು ಇವರ ಈಜಿ.

೨೪ ಜನವರಿ, ಬುಧವಾರ

ಇವು ತಿನ್ನುವ ಕಾಳಿಗೆ ಕೋಳಿಯ ವಾಸನೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು ನಾನು. ಬಟ್ಟಲು ತುಂಬಿದ ಮೇಲೆ ಪ್ರತಿ ಸಲವೂ ತಲೆಯ ಮೇಲೆ ನೀರು ಹಾಕಿಕೊಳ್ಳುತ್ತೇನೆ. ಬಿಸಿನೀರು ಮುಗಿದು ಹೋಗುತ್ತದೆ ಎಂದು ಅಳಿಯ ಗೊಣಗಿದ. ಮುಗಿಯಲಿ. ತಣ್ಣೀರಿನಲ್ಲಿ ಮಾಡುತ್ತೇನೆ, ಆಮೇಲೆ ನನಗೆ ಜ್ವರ ಬಂದರೆ ಅದನ್ನೂ ಅವನೇ ಮ್ಯಾನೇಜ್ ಮಾಡಲಿ.

ಬೆಳಿಗ್ಗೆ ಸಿರಿಂಜು ಹಿಡಿದು ಒಂದನ್ನು ಎತ್ತಿದೆ, ಅನುಮಾನ ಬಂತು. ಟ್ರೇನಿಗೆ ಹೊರಟಿದ್ದ ಸುಧನ್ವನನ್ನು ಕೇಳಿದೆ. ಫೋನಿನಿಂದ ತಲೆ ಎತ್ತದೆ, ಅದೇ ಅತ್ತೆ, ಕೊಡಿ ಎಂದ. ಅಷ್ಟರಲ್ಲಿ ಮೇಧಾ ಕೆಳಗಿಳಿದು ಬಂದು, ಅದು ಮಲ್ಲಿಗೆ ಎಂದು ಕಿತ್ತುಕೊಂಡಳು. ಅವಳು ಬಾರದಿದ್ದರೆ? ತಪ್ಪು ಯಾರದಾಗುತ್ತಿತ್ತು? ನನ್ನದೇ.

ಕಾಲಿಗೆ ಒಂದು ಕರಿ ದಾರ ಕಟ್ಟಿಬಿಡುತ್ತೇನೆ, ಗುರುತಿಗೂ ಆಯಿತು, ದೃಷ್ಟಿಗೂ ಆಯಿತು ಎಂದೆ. ಅದಕ್ಕೂ ಬೇಡ.

"ದಾರ ಕಡದು ನುಂಗ್ತಾವವ್ವ. ಕರಳಿನ್ಯಾಗ ಸಿಕ್ಕೊಂಡ್ರ ಹೊಟ್ಟಿ ಕೊಯ್ಯಬೇಕಾಗ್ತೈತಿ."

ಅವಳು ಮೇಲೆ ಹೋಗುವ ಮುಂಚೆ ಇಡ್ಲಿಯನ್ನು ಬೆರಳು ಮಾಡಿ ತೋರಿಸಿಕೊಂಡೆ. ಹೋದ ಮೇಲೆ ಚೀಲದಿಂದ ಕಾಡಿಗೆಯ ಡಬ್ಬಿ ತೆಗೆದೆ. ಕೂಸಿಗೆ ಬೇಡವಾದದ್ದು ಇದಕ್ಕಾದರೂ ಆಗಲಿ. ಹಣೆಯ ಮೇಲೆ ದುಂಡಗೆ ಒಂದು ಬೊಟ್ಟು ಇಟ್ಟೆ. ಬಿಳಿ ಕೂದಲಿನ ಮೇಲೆ ಎದ್ದು ಕಾಣುತ್ತದೆ. ಯಾರನ್ನೂ ಕೇಳಲಿಲ್ಲ.

೩೧ ಜನವರಿ, ಬುಧವಾರ

ಬೊಟ್ಟಿನ ಕೆಲಸ ಸರಿಯಾಗಿ ನಡೆದಿದೆ. ಬೆಳಗಿನ ಔಷಧವನ್ನು ಸುಧನ್ವ ಹೋಗುವ ಮುಂಚೆ ತಾನೇ ಹಾಕುತ್ತಾನೆ, ಬೊಟ್ಟು ಇರೋದು ತಾನೆ ಅತ್ತೆ, ಸೂಪರ್ ಐಡಿಯಾ ಎನ್ನುತ್ತಾನೆ. ಸಂಜೆಯದು ನನ್ನದು. ಮಾಸಿದಾಗಲೆಲ್ಲ ತಿದ್ದುತ್ತೇನೆ. ಮೇಧಾ ನೋಡಿ ಹುಬ್ಬು ಗಂಟಿಕ್ಕಿದಳು, ಆದರೆ ಕೂಸು ಅತ್ತಿತು, ಓಡಿದಳು. ಕೂಸು ಅತ್ತರೆ ನಾನು ಮೆಟ್ಟಿಲ ಕೆಳಗೆ ನಿಂತು ಕೇಳಿಸಿಕೊಳ್ಳಬೇಕು. ಕರೆದಾಗ ಮಾತ್ರ ಹೋಗಬೇಕು.

೫ ಫೆಬ್ರವರಿ, ಸೋಮವಾರ

ಗದಗಿನಿಂದ ತಂಗಿ ಕಲಾವತಿ ಫೋನ್ ಮಾಡಿದ್ದಳು. ಕೂಸಿಗೆ ನೀನೇ ಎರೆಯುತ್ತೀಯೇನು ಎಂದಳು. ಹೌದು ಎಂದೆ. ಕೈಯಲ್ಲಿ ಮುಂಗುಲಿಯ ಹೇಲಿನ ತಟ್ಟೆ ಇತ್ತು.

೧೩ ಫೆಬ್ರವರಿ, ಮಂಗಳವಾರ. ಶಿವರಾತ್ರಿ

ಪೂಜೆ ಮುಗಿಸಿ, ಉಪವಾಸವೆಂದು ಬರೀ ಹಾಲು ಕುಡಿದು ಕೆಳಗೆ ಬಂದೆ. ಒಂದು ನೆಲದ ಮೇಲೆ ಬಿದ್ದಿತ್ತು. ಹಿಂಗಾಲು ಎರಡೂ ಸತ್ತ ಹಾಗೆ ಎಳೆಯುತ್ತಿದ್ದವು. ಬಾಯಿಂದ ಜೊಲ್ಲು. ಮುಂಗಾಲಿನಿಂದ ಬಾಯಿಯನ್ನು ಕೆರೆದುಕೊಳ್ಳುತ್ತಿತ್ತು, ಕಣ್ಣು ಎಲ್ಲೋ ನೋಡುತ್ತಿತ್ತು. ಅದರ ಹಣೆಯ ಮೇಲೆ ಬೊಟ್ಟು ಇರಲಿಲ್ಲ. ಕಾಯಿಲೆ ಇಲ್ಲದ್ದಕ್ಕೆ ಹೀಗೇಕೆ ಎಂದು ಬಾಗಿ ನೋಡಿದರೆ ಕಿವಿಯ ಹತ್ತಿರ ಮಸಿ ಬಳಿದ ಹಾಗೆ ಮಾಸಿದ ಕಲೆ. ಇನ್ನೊಂದು ತೂಗುಬಟ್ಟೆಯಲ್ಲಿ ಆರಾಮ ಮಲಗಿತ್ತು, ಹಣೆಯ ಮೇಲೆ ನಾನು ನಿನ್ನೆ ತಿದ್ದಿದ ಬೊಟ್ಟು.

ಆಗ ಹೊಳೆಯಿತು. ಒಂದರ ಮೇಲೊಂದು ಬಿದ್ದು ಮಲಗುತ್ತವೆ, ಒಂದನ್ನೊಂದು ನೆಕ್ಕುತ್ತವೆ. ಎಣ್ಣೆಯ ಕಾಡಿಗೆ ಇದರ ಹಣೆಯಿಂದ ಅದರ ಹಣೆಗೆ ದಾಟಿದೆ. ದಾಟಿದ ಕಲೆಯನ್ನೇ ನಿಜವೆಂದು ತಿಳಿದು ದಿನಾ ತಿದ್ದಿ ದುಂಡಗೆ ಮಾಡಿದವಳು ನಾನು. ಎಷ್ಟು ದಿನ ಮಲ್ಲಿಗೆಗೆ ಔಷಧ ಹೋಗಿದೆ, ಎಷ್ಟು ದಿನ ಇಡ್ಲಿಗೆ ಹೋಗಿಲ್ಲ, ದೇವರೇ ಬಲ್ಲ.

ಮೇಧಾ, ಒಂದು ಬಿದ್ದು ಒದ್ದಾಡಾಕತ್ತೈತಿ ಎಂದು ಕೂಗಿದೆ. ಬಸ್ ಸ್ಟ್ಯಾಂಡಿನ ದನಿಯಲ್ಲಿ ಕೂಗಿದೆ, ಕೂಸು ಎದ್ದರೆ ಏಳಲಿ ಎಂದು. ಅವಳು ಮೇಲಿನಿಂದಲೇ, ಸಿಹಿ ಹಚ್ಚವ್ವ ವಸಡಿಗೆ, ಸಿಹಿ ಹಚ್ಚು ಎಂದಳು. ನನ್ನ ಚೀಲದಲ್ಲಿ ಜೇನಿನ ಶೀಸೆ ಇತ್ತು. ಬೆರಳಿಗೆ ಜೇನು ತೆಗೆದುಕೊಂಡು ವಸಡಿಗೆ ತಿಕ್ಕಿದೆ, ಮತ್ತೆ ಮತ್ತೆ ತಿಕ್ಕಿದೆ. ಬೆರಳಿಗೆ ಹಲ್ಲು ಊರಿತು, ನಾನು ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ನಾಲಿಗೆ ಹೊರಗೆ ಬಂದು ಜೇನು ನೆಕ್ಕಿತು.

ಸುಧನ್ವ ಇವತ್ತು ಮನೆಯಿಂದಲೇ ಕೆಲಸ ಮಾಡುತ್ತಿದ್ದ. ಕಾರಿನಲ್ಲಿ ಪ್ರಾಣಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಹಿಂದಿನ ಸೀಟಿನಲ್ಲಿ ನಾನು, ನನ್ನ ಶಾಲಿನಲ್ಲಿ ಅದು. ಪಾರ್ಕಿಂಗಿನಲ್ಲಿ ನಿಲ್ಲಿಸಿದ ಮೇಲೆ ಕನ್ನಡಿಯಲ್ಲಿ ನನ್ನನ್ನು ನೋಡಿ ಹೇಳಿದ: "ಅತ್ತೆ, ಬೇಜಾರು ಮಾಡ್ಕೋಬೇಡಿ. ಆದ್ರೆ ಇದು ನಿಮ್ಮ ಕಾಡಿಗೆಯಿಂದ ಆಗಿದ್ದು."

ನಿಜವೇ. ನಿಜವಾದದ್ದಕ್ಕೇ ಸಿಟ್ಟು ನೆತ್ತಿಗೇರಿತು. ನಾನು ತಪ್ಪು ಮಾಡಿದೆ, ಆದರೆ ಅದರ ಮುಖ ನೋಡಿ ಮಾಡಿದೆ. ಇವನು ಪ್ರತಿ ಬೆಳಿಗ್ಗೆ ಔಷಧ ಹಾಕಿದ್ದು ಬೊಟ್ಟಿಗೆ, ಪ್ರಾಣಿಗಲ್ಲ. ವರ್ಷಗಟ್ಟಲೆ ಒಂದೇ ಮನೆಯಲ್ಲಿದ್ದು ಯಾವುದು ಯಾವುದೆಂದು ಒಮ್ಮೆಯೂ ಕಣ್ಣುಬಿಟ್ಟು ನೋಡದವನು ನನಗೆ ಹೇಳಲು ಬಂದ. ಇದೆಲ್ಲ ಬಾಯಿಗೆ ಬಂತು. ಕೈಯಲ್ಲಿ ಅದು ನಡುಗುತ್ತಿತ್ತು, ಬಾಗಿಲು ತೆಗೆದು ಇಳಿದೆ.

ಡಾಕ್ಟರು ಹೆಂಗಸು. ಹೇಳಿದ್ದನ್ನು ಸುಧನ್ವ ಕನ್ನಡದಲ್ಲಿ ಹೇಳಿದ. ಪಟ್ಟಿ ಬೇಡ, ದಾರ ಬೇಡ, ಕಾಡಿಗೆ, ಶಾಯಿ, ಕೂದಲ ಬಣ್ಣ ಯಾವುದೂ ಬೇಡ, ಹಚ್ಚಿದ್ದೆಲ್ಲ ಇವುಗಳ ಹೊಟ್ಟೆಗೇ ಹೋಗುತ್ತದೆ. ಬಲ ತೊಡೆಯ ಮೇಲೆ ಒಂದು ಚಿಟಿಕೆ ಕೂದಲನ್ನು ಚಿಕ್ಕದಾಗಿ ಕತ್ತರಿಸಿ, ಇದು ಗುರುತು, ಬೆಳೆದರೆ ಮತ್ತೆ ಕತ್ತರಿಸಿ ಎಂದರಂತೆ. ಮೊಂಡು ತುದಿಯ ಕತ್ತರಿ ಇರಬೇಕಂತೆ, ಹಿಡಿದುಕೊಳ್ಳಲು ಇನ್ನೊಬ್ಬರು ಇರಬೇಕಂತೆ. ಹೊರಡುವಾಗ ನನ್ನ ಕಡೆಗೆ ತಿರುಗಿ ಇನ್ನೇನೋ ಹೇಳಿದರು. ಏನೆಂದು ಕೇಳಿದರೆ ಸುಧನ್ವ, ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ದಿನಾ ನೋಡಬೇಕಂತೆ ಅತ್ತೆ, ಗುರುತಿಗಿಂತ ಅದೇ ಗ್ಯಾರಂಟಿ ಅಂತೆ ಎಂದ. ಅವನಿಗೆ ಹೇಳಬೇಕಾದದ್ದನ್ನು ನನಗೆ ಹೇಳಿದ್ದಾರೆ.

ಅದಕ್ಕೆ ಗಂಟೆಗೊಮ್ಮೆ ನುಣ್ಣಗೆ ಅರೆದ ಕೋಳಿಮಾಂಸ ತಿನ್ನಿಸಬೇಕು. ಚಮಚ ಒಲ್ಲದು. ಬೆರಳಿನಿಂದಲೇ. ಶಿವರಾತ್ರಿಯ ದಿನ. ಸ್ನಾನ ಮಾಡಿದೆ, ತಿನ್ನಿಸಿದೆ, ಸ್ನಾನ ಮಾಡಿದೆ, ತಿನ್ನಿಸಿದೆ. ಶಿವನಿಗೆ ಹೇಳಿದೆ, ನಿನಗೆ ಸಿಟ್ಟು ಬಂದರೆ ಬರಲಿ, ನನಗೂ ಬಂದಿದೆ ಎಂದು.

೧೪ ಫೆಬ್ರವರಿ, ಬುಧವಾರ

ತಿಂದಿತು. ನಿಂತಿತು.

೨೫ ಫೆಬ್ರವರಿ, ಭಾನುವಾರ

ಬೆಳಗಿನ ಔಷಧವನ್ನೂ ಈಗ ನಾನೇ ಹಾಕುತ್ತೇನೆ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ನೋಡುವುದೇ ಕೆಲಸವಾಗಿದೆ. ಬೇರೆ ಕೆಲಸ ಯಾರು ಕೊಟ್ಟಿದ್ದಾರೆ ನನಗೆ?

ಮಲ್ಲಿಗೆ ಕಳ್ಳಿ. ಕಾಲುಚೀಲ ಕಂಡರೆ ಸೋಫಾದ ಹಿಂದೆ ಒಯ್ದು ಬಚ್ಚಿಡುತ್ತಾಳೆ. ನಿನ್ನೆ ನನ್ನ ವಿಭೂತಿ ಗಟ್ಟಿಯನ್ನೇ ಹೊತ್ತೊಯ್ದಿದ್ದಳು. ಬೈದರೆ ಬೆನ್ನು ಡೊಂಕು ಮಾಡಿಕೊಂಡು ಅಡ್ಡಡ್ಡ ಕುಣಿಯುತ್ತಾಳೆ, ಹೇಟೆಕೋಳಿಯ ಹಾಗೆ ಕೊಕ್ಕೊಕ್ ಎನ್ನುತ್ತಾಳೆ. ಇಡ್ಲಿ ಹಾಗಲ್ಲ. ಬೆಳಿಗ್ಗೆ ತೂಗುಬಟ್ಟೆಯ ಅಂಚಿಗೆ ಗದ್ದ ಊರಿ ನನ್ನ ಮಂಚದ ಕಡೆಯೇ ನೋಡುತ್ತಿರುತ್ತಾಳೆ. ಬಲಗಡೆಯ ಮೀಸೆ ಕೂದಲು ಎರಡು ತುಂಡಾಗಿವೆ. ನಡೆಯುವಾಗ ಎಡಗಾಲು ಸ್ವಲ್ಪ ಹೊರಗೆ ಹಾಕುತ್ತಾಳೆ. ಆಕಳಿಸಿದರೆ ಕೋರೆಹಲ್ಲೊಂದು ಮೊಂಡಾದದ್ದು ಕಾಣುತ್ತದೆ. ಇಷ್ಟು ಗುರುತು ಮೈಮೇಲೆ ಇಟ್ಟುಕೊಂಡವಳನ್ನು ಗುರುತಿಸಲಿಕ್ಕೆ ಆಗುವುದಿಲ್ಲ ಎನ್ನುವವರ ಕಣ್ಣಿಗೆ ಏನು ಬಡಿದಿದೆ?

ಸ್ನಾನ ಬೆಳಿಗ್ಗೆ ಒಂದೇ ಆಗಿದೆ. ಚಳಿ ಬಹಳ. ತಿನ್ನಿಸಿದ ಮೇಲೆ ಕೈ ತೊಳೆದುಕೊಳ್ಳುತ್ತೇನೆ, ಸಾಕು.

೬ ಮಾರ್ಚ್, ಮಂಗಳವಾರ

ಕಲಾವತಿಯ ಫೋನು. ಹೇಗಿದ್ದಾಳೆ ಎಂದಳು. ಇವತ್ತು ಎರಡು ಸಲ ಚೆನ್ನಾಗಿ ತಿಂದಳು, ತೂಕ ಹೆಚ್ಚಿದೆ, ಬೆಳಿಗ್ಗೆ ಸ್ವಲ್ಪ ಮಂಕಾಗಿದ್ದಳು, ಬೆನ್ನು ತಿಕ್ಕಿದ ಮೇಲೆ ಸರಿಹೋದಳು ಎಂದೆ. ಮೊಲೆಹಾಲು ಸಾಕಾಗುತ್ತದೆಯೇ ಎಂದಳು ಕಲಾವತಿ. ಸಿಟ್ಟು ಬಂದು ಫೋನ್ ಇಟ್ಟೆ.

೧೮ ಮಾರ್ಚ್, ಭಾನುವಾರ. ಯುಗಾದಿ

ಬೇವಿನ ಎಲೆ ಸಿಗಲಿಲ್ಲ. ಬೆಲ್ಲ ಒಂದನ್ನೇ ತಿಂದೆವು. ಕಹಿಯನ್ನು ಆಮೇಲೆ ಅಳಿಯ ಬಡಿಸಿದ.

ನಾನು ಏಪ್ರಿಲ್ ಕೊನೆಗೆ ಹೊರಡುತ್ತೇನಲ್ಲ, ಆಮೇಲೆ ಫೆರೆಟ್ಟುಗಳನ್ನು ನೋಡುವವರು ಯಾರೂ ಇಲ್ಲವಂತೆ. ಅದಕ್ಕೇ ಏರ್ಪಾಡು ಮಾಡಿದ್ದಾನಂತೆ. ಒಶಾವಾದ ಒಬ್ಬ ಹೆಂಗಸು, ಅವಳ ಹತ್ತಿರ ಒಂದು ಫೆರೆಟ್ಟು ಇದೆ, ಅದರ ಜೊತೆಯದು ಕಾಯಿಲೆ ಬಿದ್ದು ಸತ್ತಿದೆ. ಜೋಡಿಗೆ ಇನ್ನೊಂದು ಬೇಕು. ಕಾಯಿಲೆಯದು ಬೇಡ, ಮತ್ತೊಂದು ಸಲ ಅದನ್ನೆಲ್ಲ ನೋಡಲಾರೆ ಎಂದಿದ್ದಾಳಂತೆ. ಬರುವ ಶನಿವಾರ ಬಂದು ಮಲ್ಲಿಗೆಯನ್ನು ಒಯ್ಯುತ್ತಾಳೆ.

ಇಡ್ಲಿಯ ಗತಿ ಏನು ಎಂದೆ. ಒಬ್ಬಳೇ ಆದರೆ ಕೊರಗುತ್ತಾಳೆ, ಹೇಗೂ ಗುಣವಾಗುವ ಕಾಯಿಲೆ ಅಲ್ಲ ಎಂದ. ನಾನು ಬಿಡಲಿಲ್ಲ, ಮತ್ತೆ ಕೇಳಿದೆ.

"ವೆಟ್ ಹತ್ರ ಕೇಳೋಣ ಅಂತಿದೀನಿ. ಪೀಸ್‌ಫುಲ್ ಆಗಿ ಮಲಗಿಸ್ತಾರೆ. ನೋವಾಗಲ್ಲ ಅತ್ತೆ."

ಮಲಗಿಸುವುದು. ಸೂಜಿ ಚುಚ್ಚಿ ಕೊಲ್ಲುವುದಕ್ಕೆ ಕನ್ನಡದಲ್ಲಿ ಎಷ್ಟು ಮೆತ್ತಗಿನ ಮಾತು ಹುಡುಕಿಕೊಂಡಿದ್ದಾನೆ. ಕೈಯಲ್ಲಿದ್ದ ಬಟ್ಟಲನ್ನು ನೆಲಕ್ಕೆ ಕುಕ್ಕಿದೆ. ಕೂಸು ಎದ್ದಿತು. ಇವತ್ತು ಯಾರೂ ಶ್ಶ್ ಎನ್ನಲಿಲ್ಲ.

ಮೇಧಾಳನ್ನು ನೋಡಿದೆ, ಇವಳಾದರೂ ಬಾಯಿ ಬಿಡುತ್ತಾಳೆಂದು. ಒಶಾವಾದ ಬಾಡಿಗೆ ಕೋಣೆಯಲ್ಲಿ ಮಾತಾಡಿಸುವವರಿಲ್ಲದೆ ಇದ್ದಾಗ ಸಂಜೆ ಮನೆಗೆ ಬಂದರೆ ಇವೆರಡೇ ಕಾಲಿಗೆ ತೊಡರುತ್ತಿದ್ದವು ಎಂದು ಮೊನ್ನೆ ತಾನೇ ಹೇಳಿದ್ದಳು. ಈಗ ತಲೆ ತಗ್ಗಿಸಿ ಕೂತಿದ್ದಳು. ಕೂದಲು ಬಾಚಿ ಎಷ್ಟು ದಿನವಾಗಿತ್ತೋ. ಕಣ್ಣಿನ ಕೆಳಗೆ ಕಪ್ಪು.

"ನನಗ ಆಗಂಗಿಲ್ಲವ್ವ," ಎಂದಳು. "ಕೂಸಿನ ಕೂಡನ ಸಾಕಾಗೇತಿ. ನೀ ಹೋದಮ್ಯಾಲ ಯಾರ ಮಾಡ್ತಾರ?"

ಬೇಸ್‌ಮೆಂಟಿಗೆ ಬಂದು ಬಾಗಿಲು ಹಾಕಿಕೊಂಡೆ. ಯಾರ ಮೇಲೆ ಸಿಟ್ಟು ಎಂದು ಕೇಳಿದರೆ ಎಲ್ಲರ ಮೇಲೂ. ಕೈ ಎತ್ತಿ ಕೂತ ಮಗಳ ಮೇಲೆ. ತಲೆ ಎತ್ತಿ ನೋಡದ ಅಳಿಯನ ಮೇಲೆ. ಬಿಟ್ಟು ಹೋಗಲಿರುವ ನನ್ನ ಮೇಲೂ.

೨೧ ಮಾರ್ಚ್, ಬುಧವಾರ

ಮಲ್ಲಿಗೆ ನನ್ನ ಕನ್ನಡಕ ಕದ್ದಳು. ಬೈಯಲಿಲ್ಲ.

ತೂಗುಬಟ್ಟೆಯಲ್ಲಿ ಎರಡೂ ಹೆಣೆದುಕೊಂಡು ಮಲಗಿದ್ದವು. ಮಲ್ಲಿಗೆ ನಿದ್ದೆಯಲ್ಲೇ ಇಡ್ಲಿಯ ಕಿವಿ ನೆಕ್ಕುತ್ತಿದ್ದಳು. ನೋಡಲಾಗಲಿಲ್ಲ.

೨೪ ಮಾರ್ಚ್, ಶನಿವಾರ

ಬೆಳಿಗ್ಗೆ ಎದ್ದು ಇಡ್ಲಿಗೆ ಔಷಧ ಹಾಕಿ ಕತ್ತರಿ ತೆಗೆದೆ. ಇಡ್ಲಿಯ ತೊಡೆಯ ಮೇಲಿನ ಕೂದಲು ಬೆಳೆದಿತ್ತು, ಕತ್ತರಿಸಿದೆ. ಆಮೇಲೆ ಮಲ್ಲಿಗೆಯನ್ನು ಮಡಿಲಲ್ಲಿ ಒತ್ತಿ ಹಿಡಿದು ಅವಳಿಗೂ ಅಲ್ಲಿಯೇ, ಅಷ್ಟೇ ಅಗಲಕ್ಕೆ ಕತ್ತರಿಸಿದೆ. ಹಿಡಿದುಕೊಳ್ಳಲು ಇನ್ನೊಬ್ಬರು ಬೇಕು ಎಂದಿದ್ದರು ಡಾಕ್ಟರು. ಈ ಕೆಲಸಕ್ಕೆ ಯಾರನ್ನು ಕರೆಯಲಿ? ಬೇಕೆಂದೇ ಮಾಡಿದೆ. ಇಲ್ಲಿ ಸುಳ್ಳು ಬರೆದು ಏನಾಗಬೇಕಿದೆ.

ಆ ಹೆಂಗಸು ಹತ್ತರ ಸುಮಾರಿಗೆ ಬಂದಳು. ಬೈಯಲು ತಯಾರಾಗಿಯೇ ಇದ್ದೆ, ಆದರೆ ಬೈಯುವಂಥವಳಲ್ಲ. ನನಗಿಂತ ಹಿರಿಯಳು, ಕೈಯಲ್ಲಿ ಪುಟ್ಟ ಕಂಬಳಿ ಹೊಲಿದುಕೊಂಡು ಬಂದಿದ್ದಳು. ಸುಧನ್ವ ಅವಳನ್ನು ಕೆಳಗೆ ಕರೆತಂದ, ಕೂದಲು ಕತ್ತರಿಸಿದ್ದು ಕಾಯಿಲೆಯದು ಎಂದು ಮೆಟ್ಟಿಲ ಮೇಲೇ ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದ. ಪಂಜರ ತೆಗೆದ. ಒಂದನ್ನು ತಿರುಗಿಸಿ ನೋಡಿದ. ಇನ್ನೊಂದನ್ನು ತಿರುಗಿಸಿ ನೋಡಿದ.

ಎರಡಕ್ಕೂ ಕಟ್ ಆಗಿದೆಯಲ್ಲ ಎಂದ. ಹೌದು, ಎರಡಕ್ಕೂ ಕೂದಲು ಬೆಳೆದಿತ್ತು ಎಂದೆ. ಹಾಗಾದರೆ ಇಡ್ಲಿ ಯಾವುದು ಎಂದ.

"ನನಗ ಗೊತ್ತಾಗಂಗಿಲ್ರಿ," ಎಂದೆ.

ಅವನಿಗೆ ಆ ಹೆಂಗಸಿನ ಎದುರು ಅವಮಾನವಾಯಿತು. ನಂಗೊತ್ತು ಬಿಡಿ ಎಂದು ಧೈರ್ಯವಾಗಿ ಒಂದನ್ನು ಎತ್ತಿ ಅವಳ ಕಂಬಳಿಯಲ್ಲಿ ಇಟ್ಟ, ಮಲ್ಲಿಗೆ ಎಂದ. ಅವನು ಎತ್ತಿದ್ದು ಇಡ್ಲಿಯನ್ನು.

ಇಂಥದ್ದನ್ನು ನಾನು ಲೆಕ್ಕ ಹಾಕಿರಲಿಲ್ಲ. ಸುಮ್ಮನಿದ್ದರೆ ಇಡ್ಲಿ ಔಷಧವಿಲ್ಲದೆ ಯಾರದೋ ಮನೆಯ ನೆಲದ ಮೇಲೆ ಬೀಳುತ್ತಾಳೆ, ಮಲ್ಲಿಗೆಗೆ ಇಲ್ಲಿ ಸೂಜಿ ಬೀಳುತ್ತದೆ. ಬಾಯಿ ಬಿಟ್ಟರೆ ನನಗೆ ಗೊತ್ತಿದೆ ಎಂದಾಗುತ್ತದೆ, ಇಬ್ಬರೂ ಬೇರೆಯಾಗುತ್ತಾರೆ. ಗೊತ್ತಿಲ್ಲದವಳ ಹಾಗೆಯೇ ಹೇಳಿದೆ:

"ಖಾತ್ರಿ ಐತೇನ್ರಿ ನಿಮಗ? ತಪ್ಪಿದ್ರ ಆರಾಮ ಇದ್ದಾಕಿನ್ನ ಮಲಗಿಸ್ತೀರಿ. ಆಕಿ ಹೊಳ್ಳಿ ಏಳಂಗಿಲ್ಲ."

ಸುಧನ್ವ ಕಂಬಳಿಯೊಳಗಿನ ಮುಖವನ್ನು ನೋಡಿದ. ಮೊದಲ ಸಲ ಫೋನು ಕೆಳಗಿಟ್ಟು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಮೇಧಾಳನ್ನು ಕರೆದ.

ಅವಳು ಕೂಸನ್ನು ಹೆಗಲಿಗೆ ಹಾಕಿಕೊಂಡು ಇಳಿದು ಬಂದಳು. ಯಾವುದು ಯಾವುದು ಹೇಳು ಎಂದ ಗಂಡ. ಅವಳಿಗೆ ಒಂದು ನೋಟ ಸಾಕಾಯಿತು. ಅವಳ ಕಣ್ಣು ನೇರ ಕಂಬಳಿಯ ಮೇಲೆ ಹೋಗಿ ನಿಂತದ್ದನ್ನು ನಾನು ಕಂಡೆ. ಆಮೇಲೆ ಎರಡೂ ತೊಡೆಗಳ ಮೇಲಿನ ಗುರುತನ್ನು ನೋಡಿದಳು. ಆಮೇಲೆ ನನ್ನ ಮುಖವನ್ನು ನೋಡಿದಳು. ನಾನು ಗೋಡೆಯ ಕಡೆ ತಿರುಗಿದೆ.

"ನನಗೂ ಗೊತ್ತಾಗವಲ್ದು," ಎಂದಳು ಮೇಧಾ. ಅದನ್ನೇ ಇಂಗ್ಲಿಷಿನಲ್ಲೂ ಹೇಳಿದಳು.

ಆ ಹೆಂಗಸು ಇಡ್ಲಿಯ ಬೆನ್ನು ಸವರಿದಳು. ಮನೆಯವರಿಗೇ ತಿಳಿಯದ ಮೇಲೆ ತಾನು ಒಯ್ಯಲಾರೆ ಎಂದಳಂತೆ. ಇಡ್ಲಿಯನ್ನು ತಾನೇ ತೂಗುಬಟ್ಟೆಯಲ್ಲಿ ಮಲ್ಲಿಗೆಯ ಪಕ್ಕ ಇಟ್ಟಳು, ಎರಡೂ ಮೂತಿ ತಿಕ್ಕಿಕೊಂಡದ್ದನ್ನು ನೋಡಿ, ಇವುಗಳನ್ನು ಅಗಲಿಸಬೇಡಿ ಎಂದು ಹೇಳಿ ಹೋದಳು. ಕಂಬಳಿಯನ್ನು ಇಲ್ಲೇ ಬಿಟ್ಟಳು.

ಸುಧನ್ವ ಮೆಟ್ಟಿಲ ಮೇಲೆ ಕೂತ. ಬೈಯುತ್ತಾನೆಂದುಕೊಂಡೆ, ಬೈದರೆ ಕೊಡಲು ಮಾತು ಜೋಡಿಸಿಟ್ಟುಕೊಂಡಿದ್ದೆ. ಅವನು ನೆಲ ನೋಡುತ್ತಾ, ನಂಗೆ ಯಾವತ್ತೂ ಗೊತ್ತಾಗಿಲ್ಲ ಅತ್ತೆ, ಕಾಲರ್ ಇದ್ದಾಗ ಕಾಲರ್ ನೋಡ್ತಿದ್ದೆ, ಆಮೇಲೆ ಸುಮ್ನೆ ಹೇಳ್ತಿದ್ದೆ ಎಂದ. ಜೋಡಿಸಿದ ಮಾತೆಲ್ಲ ವ್ಯರ್ಥವಾಯಿತು. ಅದಕ್ಕೂ ಸಿಟ್ಟು ಬಂತು.

ಸಂಜೆ ಔಷಧದ ಹೊತ್ತಾಯಿತು. ಯಾವುದೆಂದು ಗೊತ್ತಿಲ್ಲ ಎಂದು ಬೆಳಿಗ್ಗೆ ಹೇಳಿದವಳು ಈಗ ಯಾರಿಗೆ ಹಾಕಬೇಕು? ಸುಧನ್ವ ಮತ್ತೆ ಬಂದು ಮೆಟ್ಟಿಲ ಮೇಲೆ ಕೂತಿದ್ದ, ಮೇಲೆ ಹೋಗಲಿ ಎಂದು ಕಾದೆ. ಹೋಗಲಿಲ್ಲ. ಇಡ್ಲಿ ಬಟ್ಟೆಯ ಅಂಚಿಗೆ ಗದ್ದ ಊರಿ ನನ್ನನ್ನೇ ನೋಡುತ್ತಿದ್ದಳು. ತಡ ಮಾಡುವಂತಿರಲಿಲ್ಲ. ಸಿರಿಂಜು ತುಂಬಿದೆ, ಕೈ ಹಾಕಿ ಇಡ್ಲಿಯನ್ನು ಎತ್ತಿದೆ, ಬಾಯಿಯ ಪಕ್ಕಕ್ಕೆ ಹಾಕಿ ಕುಡಿಸಿದೆ, ಗದ್ದ ಒರೆಸಿದೆ. ಅವನು ಎಲ್ಲವನ್ನೂ ನೋಡಿದ. ಬೆಳಿಗ್ಗೆ ಏನು ನಡೆಯಿತೆಂದು ಅವನಿಗೆ ಅರ್ಥವಾಯಿತು. ಅರ್ಥವಾದದ್ದು ನನಗೂ ಗೊತ್ತಾಯಿತು.

ಎದ್ದು ಬಂದು ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತ.

"ಹೇಗೆ ಗೊತ್ತಾಯ್ತು ಅಂತ ತೋರಿಸಿ ಅತ್ತೆ. ನೀವು ಹೋದ್ಮೇಲೆ ನಾನು ಕೊಡ್ತೀನಿ."

ತೋರಿಸುವುದಿಲ್ಲ. ಎರಡನ್ನೂ ಅವನ ಮಡಿಲಿಗೆ ಹಾಕಿ, ನೀವೇ ನೋಡಿ ಹೇಳಿ ಎಂದೆ. ಮೂರು ಸಲ ಕೇಳಿದೆ, ಮೂರು ಸಲವೂ ತಪ್ಪು ಹೇಳಿದ. ಮೂರು ಸಲವೂ ಬೈದೆ, ಬಾಯಿ ತುಂಬ, ಮನೆಯೆಲ್ಲ ಕೇಳುವ ಹಾಗೆ. ಮೇಲೆ ಮೇಧಾ ನಗುವುದು ಕೇಳಿಸಿತು. ವಿಮಾನ ಹತ್ತುವ ತನಕ ದಿನಾ ಬೈಯುತ್ತೇನೆ. ಕಲಿಯುತ್ತಾನೆ.